ಒಂದು ಎಳೆಯೂ ಕಾಣದ ಹಾಗೆ: ಸೋಪಿನೊಳಗಿನ ರೇಷ್ಮೆ

ಅಮ್ಮ ಕೈ ತೊಳೆಯುವಾಗ ಸೋಪನ್ನು ಎರಡು ಅಂಗೈ ನಡುವೆ ಇಟ್ಟುಕೊಂಡು ಎರಡೇ ಸುತ್ತು ತಿರುಗಿಸುತ್ತಾಳೆ. ಮೂರನೆಯ ಸುತ್ತು ಇಲ್ಲ. ಯಾಕೆ ಅಂತ ಒಮ್ಮೆ ಕೇಳಿದೆ. "ಚರ್ಮ ಹಿಡಿದು ಎಳೆದ ಹಾಗಾಗುತ್ತೆ ಕಣೇ" ಅಂದಳು. ವಯಸ್ಸಾದ ಮೇಲೆ ಅವಳ ಕೈಯ ಚರ್ಮ ತುಂಬಾ ತೆಳ್ಳಗಾಗಿದೆ. ಗೆಣ್ಣುಗಳ ಮೇಲೆ ಕೂದಲೆಳೆಯಂಥ ಬಿರುಕುಗಳಿವೆ. ಅಂಥ ಕೈ ಮೇಲೆ ಸೋಪು ಜಾರಬೇಕು, ಉಜ್ಜಬಾರದು.

ಆ ಜಾರು ಗುಣ ಹುಡುಕುತ್ತಾ ಹುಡುಕುತ್ತಾ ನಾನು ರೇಷ್ಮೆಯ ಹತ್ತಿರ ಬಂದೆ. ಆಗ ಮನೆಯಲ್ಲಿ ಸೋಪು ಮಾಡಲು ಶುರು ಮಾಡಿ ಎರಡು ವರ್ಷ ಆಗಿತ್ತು. ಈಗ ಆರು ವರ್ಷ. ಈ ನಾಲ್ಕು ವರ್ಷದಲ್ಲಿ ಮಾಡಿದ ಸೋಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ರೇಷ್ಮೆ ಹಾಕಿದ್ದೇ. ಕೆಲವು ಚೆನ್ನಾಗಿ ಬಂದವು, ಎರಡು ಸಲ ಪೂರ್ತಿ ಕೆಟ್ಟವು. ಕೆಟ್ಟಾಗ ಕಲಿತದ್ದು ಜಾಸ್ತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ರೇಷ್ಮೆ ಸೋಪಿಗೆ ಕೊಡುವ ವ್ಯತ್ಯಾಸ ಸಣ್ಣದು. ಆದರೆ ಅದು ನಿಜವಾದ ವ್ಯತ್ಯಾಸ, ಕೈಗೆ ಗೊತ್ತಾಗುತ್ತದೆ. ಅದು ಸಿಗಬೇಕಾದರೆ ರೇಷ್ಮೆ ಅಸಲಿ ಇರಬೇಕು. ಮತ್ತೆ ಅದು ಕಾಸ್ಟಿಕ್ ನೀರಿನಲ್ಲಿ, ಅಂದರೆ ಎಣ್ಣೆಯನ್ನು ಸೋಪು ಮಾಡುವ ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ, ಪೂರ್ತಿ ಕರಗಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಸೋಪಿನಲ್ಲಿ ಉಳಿಯುವುದು ದಾರ ಮಾತ್ರ.

ರೇಷ್ಮೆ ಕರಗುತ್ತದಾ ಅಂತ ಆಶ್ಚರ್ಯ ಆಗಬಹುದು. ಬಟ್ಟೆಯಾಗಿ ನಾವು ನೋಡುವ ರೇಷ್ಮೆ ಅಷ್ಟು ಗಟ್ಟಿ, ಅಲ್ವಾ? ಆದರೆ ಅದು ಹತ್ತಿಯ ಹಾಗೆ ಗಿಡದಿಂದ ಬಂದದ್ದಲ್ಲ. ಅದು ಪ್ರೋಟೀನು. ನಮ್ಮ ಕೂದಲು, ಉಗುರು, ಕುರಿಯ ಉಣ್ಣೆ ಎಲ್ಲವೂ ಪ್ರೋಟೀನಿನಿಂದಲೇ ಆದವು. ರೇಷ್ಮೆ ಹುಳು ಎರಡು ಮೂರು ದಿನ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ತನ್ನ ಸುತ್ತ ಗೂಡು ಕಟ್ಟುತ್ತದೆ. ಹೆಚ್ಚುಕಡಿಮೆ ಒಂದೇ ಎಳೆ, 600 ಮೀಟರಿನಿಂದ 1500 ಮೀಟರ್‌ವರೆಗೆ ಉದ್ದ. ಹತ್ತಿರದಿಂದ ನೋಡಿದರೆ ಅದು ಒಂದು ಎಳೆಯೂ ಅಲ್ಲ. ಫೈಬ್ರಾಯಿನ್ ಅನ್ನುವ ಪ್ರೋಟೀನಿನ ಎರಡು ನುಣುಪಾದ ಎಳೆಗಳು, ಅವನ್ನು ಜೋಡಿಸಿ ಹಿಡಿದಿರುವ ಸೆರಿಸಿನ್ ಅನ್ನುವ ಅಂಟು. ಗೂಡಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಫೈಬ್ರಾಯಿನ್, ಉಳಿದದ್ದು ಹೆಚ್ಚಾಗಿ ಅಂಟು.

ಈ ಅಂಟು ತೆಗೆದರೇನೇ ರೇಷ್ಮೆಗೆ ಆ ಹೊಳಪು, ಆ ಮೃದು ಬರುವುದು. ಅಂಟು ತೆಗೆಯುವ ಹಳೆಯ ವಿಧಾನ ಏನು ಗೊತ್ತಾ? ಸೋಪಿನ ನೀರಿನಲ್ಲಿ ಕುದಿಸುವುದು. ಸೋಪಿನ ಸೌಮ್ಯ ಕ್ಷಾರ ಸೆರಿಸಿನ್ ಅನ್ನು ಕರಗಿಸುತ್ತದೆ, ಫೈಬ್ರಾಯಿನ್ ಅನ್ನು ಮುಟ್ಟುವುದಿಲ್ಲ. ಅಂದರೆ ರೇಷ್ಮೆ ರೇಷ್ಮೆಯಾಗಿ ಕಾಣಲು ಸೋಪು ಬೇಕಾಗಿತ್ತು. ಇದನ್ನು ತಿಳಿದ ದಿನ ನನಗೆ ಬಹಳ ಖುಷಿಯಾಯಿತು. ನಾನು ಮಾಡುತ್ತಿರುವುದು ಅದೇ ಸಂಬಂಧವನ್ನು ಇನ್ನೊಂದು ಕಡೆಯಿಂದ ಹಿಡಿಯುವ ಕೆಲಸ ಅನ್ನಿಸಿತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಎಣ್ಣೆ ಮತ್ತು ಕ್ಷಾರ ಸೇರಿದಾಗ ಒಳಗೆ ಏನಾಗುತ್ತದೆ, ಕೊಬ್ಬು ಹೇಗೆ ಒಡೆದು ಕೊಬ್ಬಿನಾಮ್ಲ ಮತ್ತು ಗ್ಲಿಸರಿನ್ ಆಗುತ್ತದೆ ಅಂತ ಬಿಡಿಸಿ ತೋರಿಸಿದ್ದು ಫ್ರಾನ್ಸಿನ ಮಿಶೆಲ್ ಯುಜೀನ್ ಷೆವ್ರಲ್. ಆ ಕೆಲಸವನ್ನೆಲ್ಲ ಒಟ್ಟುಮಾಡಿ 1823ರಲ್ಲಿ ಪ್ರಕಟಿಸಿದರು. ಮರು ವರ್ಷವೇ, 1824ರಲ್ಲಿ, ಅವರು ಪ್ಯಾರಿಸ್ಸಿನ ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥರಾಗಿ ಹೋದರು. ಸೋಪಿನ ಗುಟ್ಟು ಬಿಡಿಸಿದ ಮನುಷ್ಯ ಮುಂದೆ ನೂಲಿನ ಬಣ್ಣದ ಮಧ್ಯೆ ಬದುಕಿದರು. ನನಗೆ ಆ ಜೋಡಿ ತುಂಬಾ ಇಷ್ಟ.

ಈಗ ಸೋಪಿನ ಸೌಮ್ಯ ಕ್ಷಾರದ ಜಾಗದಲ್ಲಿ ಕಾಸ್ಟಿಕ್ ಸೋಡಾ ಇಡಿ. ಅದು ಅಂಟಿಗೆ ಮಾತ್ರ ನಿಲ್ಲುವುದಿಲ್ಲ. ಫೈಬ್ರಾಯಿನ್ ಅನ್ನೂ ತುಂಡು ತುಂಡು ಮಾಡುತ್ತದೆ. ಇದು ಸಕ್ಕರೆ ನೀರಿನಲ್ಲಿ ಕರಗಿದ ಹಾಗಲ್ಲ. ಸಕ್ಕರೆ ನೀರನ್ನು ಆರಿಸಿದರೆ ಸಕ್ಕರೆ ವಾಪಸ್ ಬರುತ್ತದೆ. ರೇಷ್ಮೆ ಬರುವುದಿಲ್ಲ. ಉದ್ದ ಸರಪಳಿಯಂಥ ಪ್ರೋಟೀನು ಒಡೆದು ಚಿಕ್ಕ ತುಂಡುಗಳಾಗುತ್ತದೆ, ಕೆಲವು ಆ ಸರಪಳಿಯ ಬಿಡಿ ಕೊಂಡಿಗಳಾದ ಅಮೈನೋ ಆಮ್ಲಗಳವರೆಗೂ ಒಡೆಯುತ್ತವೆ. ರೇಷ್ಮೆಯಲ್ಲಿ ಜಾಸ್ತಿ ಇರುವುದು ಗ್ಲೈಸಿನ್, ಅಲನಿನ್, ಸೆರಿನ್ ಅನ್ನುವ ಮೂರು. ಆ ಚಿಕ್ಕ ತುಂಡುಗಳೇ ಸೋಪಿನ ನೊರೆಗೆ ಜಾರು ಕೊಡುವುದು.

ಇಲ್ಲಿ ಒಂದು ನಿಮಿಷ ನಿಂತು ಯೋಚಿಸಿ. ರೇಷ್ಮೆಯನ್ನು ಹತ್ತು ನಿಮಿಷದಲ್ಲಿ ಕಾಣದ ಹಾಗೆ ಮಾಡುವ ದ್ರಾವಣಕ್ಕೆ ನಿಮ್ಮ ಬೆರಳೂ ಪ್ರೋಟೀನೇ. ನಾನು ಸೋಪು ಮಾಡುವುದನ್ನು ಕಲಿಸಿಕೊಡು ಅಂತ ಯಾರಾದರೂ ಬಂದರೆ ಮೊದಲು ಇದನ್ನೇ ತೋರಿಸುತ್ತೇನೆ. ಗಾಗಲ್ಸ್ ಹಾಕಿ, ಗ್ಲೌಸ್ ಹಾಕಿ ಅಂತ ನೂರು ಸಲ ಹೇಳುವುದಕ್ಕಿಂತ ಆ ರೇಷ್ಮೆ ಮಾಯವಾಗುವುದನ್ನು ಒಮ್ಮೆ ನೋಡಿದರೆ ಸಾಕು. ಆಮೇಲೆ ಯಾರೂ ಗಾಗಲ್ಸ್ ಮರೆಯುವುದಿಲ್ಲ.

ನನ್ನ ಮೊದಲ ರೇಷ್ಮೆ ಸೋಪಿನ ಕಥೆ ಹೇಳುತ್ತೇನೆ. ಆಗ ನನಗೆ ಒಂದು ಅಭ್ಯಾಸ ಇತ್ತು. ರಾತ್ರಿಯೇ ಕಾಸ್ಟಿಕ್ ನೀರು ಮಾಡಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿ ಇಟ್ಟು, ಬೆಳಿಗ್ಗೆ ಸೋಪು ಮಾಡುತ್ತಿದ್ದೆ. ಬಿಸಿ ಆರಲಿ ಅಂತ ಕಾಯಬೇಕಾಗಿಲ್ಲವಲ್ಲ, ಅದಕ್ಕೆ. ಆ ದಿನವೂ ಹಾಗೇ ಮಾಡಿದೆ. ಬೆಳಿಗ್ಗೆ ತಣ್ಣಗಿದ್ದ ಕಾಸ್ಟಿಕ್ ನೀರಿಗೆ ಒಂದು ಮುಷ್ಟಿ ರೇಷ್ಮೆ ಹಾಕಿದೆ. ಕತ್ತರಿಸಿರಲಿಲ್ಲ, ಬಿಡಿಸಿರಲಿಲ್ಲ. ಎಳೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡವು. ಸ್ವಲ್ಪ ಹೊತ್ತು ಕಲಕಿದೆ. ನೀರು ತಿಳಿ ಹಳದಿ ಆಯಿತು. ಕರಗಿತು ಅಂದುಕೊಂಡು ಎಣ್ಣೆಗೆ ಸುರಿದೆ.

ಮರುದಿನ ಸೋಪು ಕತ್ತರಿಸುವಾಗ ಚಾಕು ಎಲ್ಲೋ ಸಿಕ್ಕಿಕೊಂಡ ಹಾಗಾಯಿತು. ಎಳೆದು ನೋಡಿದರೆ ಬಿಳಿ ಸೋಪಿನ ಮೈಯಿಂದ ಉದ್ದುದ್ದ ಎಳೆ ಹೊರಗೆ ಬರುತ್ತಿದೆ. ನೋಡಲು ಥೇಟ್ ಕೂದಲು. ಹತ್ತು ಬಾರ್‌ನಲ್ಲೂ ಅದೇ. ನಾಲ್ಕು ವಾರ ಒಣಗಿಸಿದ ಮೇಲೆ ಒಂದನ್ನು ಸ್ನಾನಕ್ಕೆ ಇಟ್ಟೆ. ತಮ್ಮ ಬಚ್ಚಲಿನಿಂದಲೇ ಕೂಗಿದ, "ಅಕ್ಕಾ, ಸೋಪಲ್ಲಿ ಕೂದಲು ಇದೆ!" ಯಾರಿಗೂ ಕೊಡಲು ಆಗಲಿಲ್ಲ. ಆ ಸೋಪಿನ ಗುಣದಲ್ಲಿ ತಪ್ಪಿರಲಿಲ್ಲ, ನೊರೆ ಚೆನ್ನಾಗಿತ್ತು. ಆದರೆ ಎಳೆ ಕಂಡ ಮೇಲೆ ಯಾರಿಗೆ ಮೈಗೆ ಹಚ್ಚಲು ಮನಸ್ಸು ಬರುತ್ತದೆ?

ತಪ್ಪು ಇದ್ದದ್ದು ಬಿಸಿಯಲ್ಲಿ. ಕಾಸ್ಟಿಕ್ ಸೋಡಾ ನೀರಿಗೆ ಬಿದ್ದ ಕೂಡಲೇ ತಾನಾಗಿ ಬಿಸಿ ಏರುತ್ತದೆ. ನಾನು ಬಳಸುವ ಅಳತೆಯಲ್ಲಿ 80 ಡಿಗ್ರಿ ದಾಟುತ್ತದೆ. ಆ ಬಿಸಿ ಇರುವ ಹತ್ತು ಹದಿನೈದು ನಿಮಿಷವೇ ರೇಷ್ಮೆ ಕರಗುವ ಹೊತ್ತು. ತಣ್ಣಗಾದ ಕಾಸ್ಟಿಕ್ ನೀರಿಗೂ ರೇಷ್ಮೆ ಕರಗಿಸುವ ಶಕ್ತಿ ಇದೆ, ಆದರೆ ಬಹಳ ನಿಧಾನ. ನಮ್ಮ ಕೈಗೆ ಸಿಗುವ ಸಮಯದಲ್ಲಿ ಆಗುವುದಿಲ್ಲ.

ಎರಡನೆಯ ಸಲ ಕೆಟ್ಟಿದ್ದು ಬೇರೆ ಕಾರಣಕ್ಕೆ. ಆ ಸಲ ಎಲ್ಲವನ್ನೂ ಸರಿಯಾಗಿ ಮಾಡಿದ್ದೆ. ಎಳೆಗಳನ್ನು ಸಣ್ಣಗೆ ಕತ್ತರಿಸಿದ್ದೆ, ನೀರು ಕುದಿಯುವ ಹಾಗೆ ಬಿಸಿ ಇತ್ತು. ಕಲಕಿದೆ, ಕಲಕಿದೆ, ಇಪ್ಪತ್ತು ನಿಮಿಷ ಕಲಕಿದೆ. ಕರಗಲೇ ಇಲ್ಲ. ಬದಲಿಗೆ ಊದಿಕೊಂಡು, ಲೋಳೆಲೋಳೆಯಾಗಿ ಒಂದು ಮುದ್ದೆ ಆಯಿತು. ಜರಡಿ ಹಿಡಿದರೆ ಹಾಕಿದ್ದಕ್ಕಿಂತ ದೊಡ್ಡ ಉಂಡೆ ವಾಪಸ್ ಬಂತು. ನನಗೆ ಮಾರಿದವರು ಅದನ್ನು ಶುದ್ಧ ರೇಷ್ಮೆ ಅಂದಿದ್ದರು. ಅದು ವಿಸ್ಕೋಸ್ ಆಗಿತ್ತು. ಮರದ ತಿರುಳಿನಿಂದ ಮಾಡುವ ನೂಲು ಅದು. ಹೊಳಪು ರೇಷ್ಮೆಗಿಂತ ಜಾಸ್ತಿಯೇ ಇರುತ್ತದೆ. ಆರ್ಟ್ ಸಿಲ್ಕ್, ಬಿದಿರಿನ ರೇಷ್ಮೆ ಅಂತೆಲ್ಲ ಹೆಸರಿಟ್ಟು ಮಾರುವುದು ಹೆಚ್ಚಾಗಿ ಇದನ್ನೇ.

ಗಿಡದ ನಾರು ಕಾಸ್ಟಿಕ್‌ಗೆ ಪ್ರೋಟೀನಿನ ಹಾಗೆ ಸೋಲುವುದಿಲ್ಲ. ಹತ್ತಿಯ ವಿಷಯದಲ್ಲಿ ಇದನ್ನು ಗಮನಿಸಿದವರು ಇಂಗ್ಲೆಂಡಿನ ಜಾನ್ ಮರ್ಸರ್. ಕಾಸ್ಟಿಕ್ ಸೋಡಾ ನೀರನ್ನು ಹತ್ತಿ ಬಟ್ಟೆಯಲ್ಲಿ ಸೋಸುವಾಗ ಬಟ್ಟೆ ಕರಗದೆ, ಕುಗ್ಗಿ ದಪ್ಪವಾಗಿದ್ದನ್ನು ಕಂಡರು. 1850ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ನಾವು ಮರ್ಸರೈಸ್ಡ್ ಕಾಟನ್ ಅನ್ನುವುದು ಅವರ ಹೆಸರಿನಿಂದಲೇ. ಅದೇ ನೀರಿನಲ್ಲಿ ರೇಷ್ಮೆ ಬಟ್ಟೆ ಹಿಡಿದು ಸೋಸಲು ಹೋಗಿದ್ದರೆ ಬಟ್ಟೆ ಉಳಿಯುತ್ತಿರಲಿಲ್ಲ.

ಆ ದಿನದಿಂದ ಹೊಸ ರೇಷ್ಮೆ ತಂದರೆ ಮೊದಲು ಸುಟ್ಟು ನೋಡುತ್ತೇನೆ. ನಾಲ್ಕೈದು ಎಳೆಯನ್ನು ಒಟ್ಟಿಗೆ ಹೊಸೆದು ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ನಿಂತು ಬೆಂಕಿ ತೋರಿಸುತ್ತೇನೆ. ಅಸಲಿ ರೇಷ್ಮೆ ನಿಧಾನ ಸುಡುತ್ತದೆ, ಬೆಂಕಿಯಿಂದ ಹಿಂದಕ್ಕೆ ಸುರುಳಿಯಾಗುತ್ತದೆ, ಬೆಂಕಿ ತೆಗೆದರೆ ಆರಿಹೋಗುತ್ತದೆ. ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ತುದಿಯಲ್ಲಿ ಉಳಿಯುವ ಕಪ್ಪು ಗುಂಡನ್ನು ಆರಿದ ಮೇಲೆ ಬೆರಳಲ್ಲಿ ಒತ್ತಿದರೆ ಪುಡಿ ಆಗುತ್ತದೆ. ವಿಸ್ಕೋಸ್ ಕಾಗದದ ಹಾಗೆ ಭಗ್ ಅಂತ ಉರಿದು ಬೂದಿ ಆಗುತ್ತದೆ, ವಾಸನೆಯೂ ಸುಟ್ಟ ಕಾಗದದ್ದೇ. ಪಾಲಿಯೆಸ್ಟರ್ ಕರಗಿ ಹನಿಯುತ್ತದೆ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ, ಒತ್ತಿದರೂ ಪುಡಿಯಾಗುವುದಿಲ್ಲ. ಮೂಗು ಒಂದು ಸಲ ಕಲಿತರೆ ಮತ್ತೆ ಮರೆಯುವುದಿಲ್ಲ.

ಬಣ್ಣ ಹಾಕಿದ ರೇಷ್ಮೆ ನಾನು ಬಳಸುವುದಿಲ್ಲ. ಬಣ್ಣ ಯಾವುದು, ಅದು ಕಾಸ್ಟಿಕ್‌ನಲ್ಲಿ ಏನಾಗುತ್ತದೆ ಅಂತ ಹೇಳಲು ಬರುವುದಿಲ್ಲ. ಹಳೆಯ ರೇಷ್ಮೆ ಬಟ್ಟೆ ಕತ್ತರಿಸಿ ಹಾಕಬಹುದಾ ಅಂತ ಕೇಳುತ್ತಾರೆ. ಜರಿ ಇದ್ದರೆ ಖಂಡಿತ ಬೇಡ. ತಾಮ್ರದಂಥ ಲೋಹದ ಚೂರು ಸೋಪಿನಲ್ಲಿ ಸೇರಿದರೆ ಎಣ್ಣೆ ಬೇಗ ಕೆಡುತ್ತದೆ. ಕೆಲವು ತಿಂಗಳಲ್ಲೇ ಸೋಪಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ, ಮುಗ್ಗಲು ಎಣ್ಣೆಯ ವಾಸನೆ. ಬಣ್ಣ ಹಾಕದ, ಅಂಟು ತೆಗೆದ, ಬಾಚಿದ ರೇಷ್ಮೆ ನಾರು ಸಿಕ್ಕರೆ ಅದೇ ಒಳ್ಳೆಯದು. ಹಿಪ್ಪುನೇರಳೆ ಎಲೆ ತಿನ್ನುವ ಹುಳುವಿನ ಬಿಳಿ ರೇಷ್ಮೆ ಬೇಗ ಕರಗುತ್ತದೆ. ಕಾಡಿನ ಹುಳುವಿನ ಟಸರ್ ರೇಷ್ಮೆಯೂ ಆಗುತ್ತದೆ, ಸೋಪು ಮಾಡುವವರಲ್ಲಿ ಅದನ್ನೇ ಇಷ್ಟಪಡುವವರು ಬಹಳ ಇದ್ದಾರೆ. ಅದರ ಜೇನು ಬಣ್ಣ ಕಾಸ್ಟಿಕ್ ನೀರಿಗೂ ಇಳಿಯುತ್ತದೆ. ಆದರೆ ಟಸರ್ ಕ್ಷಾರಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಇನ್ನೂ ಸಣ್ಣಗೆ ಕತ್ತರಿಸಬೇಕು, ಇನ್ನೂ ಜಾಸ್ತಿ ಹೊತ್ತು ಕಲಕಬೇಕು.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ಒಂದು ಸಲಕ್ಕೆ 500 ಗ್ರಾಂ ಎಣ್ಣೆ. ಅದರಲ್ಲಿ 300 ಗ್ರಾಂ ಆಲಿವ್ ಎಣ್ಣೆ, 150 ಗ್ರಾಂ ತೆಂಗಿನೆಣ್ಣೆ, 50 ಗ್ರಾಂ ಹರಳೆಣ್ಣೆ. ಕಾಸ್ಟಿಕ್ ಸೋಡಾ 70 ಗ್ರಾಂ. ನೀರು 150 ಗ್ರಾಂ, ಡಿಸ್ಟಿಲ್ಡ್ ಆದರೆ ಒಳ್ಳೆಯದು. ಎಲ್ಲವೂ ತೂಕದಲ್ಲಿ, ಲೋಟದ ಅಳತೆ ಬೇಡವೇ ಬೇಡ. ಈ 70 ಗ್ರಾಂನಲ್ಲಿ ಎಣ್ಣೆಯ ಸುಮಾರು 5 ರಿಂದ 6 ಶೇಕಡಾ ಸೋಪಾಗದೆ ಹಾಗೇ ಉಳಿಯುತ್ತದೆ. ಸೂಪರ್‌ಫ್ಯಾಟ್ ಅನ್ನುವುದು ಅದಕ್ಕೇ. ನೀವು ಎಣ್ಣೆ ಬದಲಾಯಿಸಿದರೆ ಸೋಡಾದ ಲೆಕ್ಕವೂ ಬದಲಾಗುತ್ತದೆ. ಪ್ರತಿ ಸಲವೂ ಲೈ ಕ್ಯಾಲ್ಕ್ಯುಲೇಟರಿನಲ್ಲಿ (ಯಾವ ಎಣ್ಣೆಗೆ ಎಷ್ಟು ಸೋಡಾ ಅಂತ ಲೆಕ್ಕ ಹಾಕಿಕೊಡುವ ಸಾಧನ) ಹಾಕಿ ನೋಡಿ, ನನ್ನ ಲೆಕ್ಕವನ್ನೂ ಸೇರಿಸಿ.

ರೇಷ್ಮೆ ಅರ್ಧ ಗ್ರಾಂ. ಅಷ್ಟೇ. ಅಂಗಡಿಯಲ್ಲಿ ಸಿಗುವ ಒಂದು ಹತ್ತಿ ಉಂಡೆಯಷ್ಟು ಇರುತ್ತದೆ, ಸಡಿಲ ಬಿಟ್ಟರೆ ಸ್ವಲ್ಪ ದೊಡ್ಡದು. ಇಷ್ಟು ಕಮ್ಮಿನಾ ಅನ್ನಿಸಬಹುದು. ಹುಳು ನೂತ ಎಳೆಯ ಲೆಕ್ಕದಲ್ಲಿ ಅರ್ಧ ಗ್ರಾಂ ಅಂದರೆ ಒಂದೂವರೆ ಕಿಲೋಮೀಟರಿಗಿಂತ ಉದ್ದದ ಎಳೆ. ಅದನ್ನು ಕೈಯಲ್ಲಿ ಹಿಡಿದಾಗ ಹಿಡಿದ ಹಾಗೇ ಅನ್ನಿಸುವುದಿಲ್ಲ, ಉಸಿರು ತಾಗಿದರೂ ಅಲುಗುತ್ತದೆ. ಒಮ್ಮೆ ಆಸೆಯಿಂದ ಎರಡು ಗ್ರಾಂ ಹಾಕಿ ನೋಡಿದೆ. ಕರಗಲು ಬಹಳ ಹೊತ್ತು ಬೇಕಾಯಿತು, ವಾಸನೆ ಜಾಸ್ತಿ ಆಯಿತು, ಸೋಪಿನಲ್ಲಿ ಮಾತ್ರ ಅರ್ಧ ಗ್ರಾಂ ಹಾಕಿದ್ದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ರೇಷ್ಮೆ ಒಡೆಯುವಾಗ ಸ್ವಲ್ಪ ಕಾಸ್ಟಿಕ್ ಅನ್ನು ತಾನು ಬಳಸಿಕೊಳ್ಳುತ್ತದೆ. ಅದಕ್ಕೆ ಸೋಡಾ ಜಾಸ್ತಿ ಹಾಕಬೇಕಾ ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ಲೆಕ್ಕ ಹಾಕಿ ನೋಡಿದೆ. ಅರ್ಧ ಗ್ರಾಂ ರೇಷ್ಮೆ ಕೊನೆಯ ತುಂಡಿನವರೆಗೂ ಒಡೆದರೂ ಕಾಲು ಗ್ರಾಂ ಆಸುಪಾಸು ಸೋಡಾ ಹೋಗುತ್ತದೆ. 70 ಗ್ರಾಂನಲ್ಲಿ ಅದು ಏನೂ ಅಲ್ಲ. ಎಣ್ಣೆ ಒಂದು ಚೂರು ಜಾಸ್ತಿ ಉಳಿಯುತ್ತದೆ ಅಷ್ಟೇ. ಸೋಡಾ ಹೆಚ್ಚಿಸುವ ಅಗತ್ಯವಿಲ್ಲ.

ರೇಷ್ಮೆಯನ್ನು ಮೊದಲು ಕತ್ತರಿಯಲ್ಲಿ ಅರ್ಧ ಸೆಂಟಿಮೀಟರಿನಷ್ಟು ಸಣ್ಣಗೆ ಕತ್ತರಿಸುತ್ತೇನೆ. ಕೈ ಒಣಗಿದ್ದರೆ ಎಳೆಗಳು ಬೆರಳಿಗೆ ಸಿಕ್ಕಿಕೊಳ್ಳುತ್ತವೆ, ಅದಕ್ಕೆ ಕೈಗೆ ಒಂದು ಹನಿ ಎಣ್ಣೆ ಸವರಿಕೊಳ್ಳುತ್ತೇನೆ. ಫ್ಯಾನ್ ಆಫ್ ಮಾಡುವುದನ್ನು ಮರೆಯಬೇಡಿ. ಕತ್ತರಿಸಿದ್ದನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ, ಅಳೆದ ನೀರಿನ ಮೇಲೆ ಉದುರಿಸುತ್ತೇನೆ. ಮೊದಲು ತೇಲುತ್ತದೆ. ಚಮಚದಲ್ಲಿ ಒತ್ತಿ ಪೂರ್ತಿ ಒದ್ದೆ ಮಾಡುತ್ತೇನೆ. ಒಣ ಎಳೆ ಕಾಸ್ಟಿಕ್ ನೀರಿಗೆ ಬಿದ್ದರೆ ಗಂಟು ಕಟ್ಟುತ್ತದೆ, ಮೊದಲೇ ಒದ್ದೆಯಾದದ್ದು ಬಿಡಿಬಿಡಿಯಾಗಿ ಇರುತ್ತದೆ. ಇದು ನಾನು ಕಂಡುಕೊಂಡ ಉಪಾಯ. ಬಿಸಿ ಕಾಸ್ಟಿಕ್ ನೀರಿಗೆ ಆಮೇಲೆ ರೇಷ್ಮೆ ಹಾಕುವವರೂ ಇದ್ದಾರೆ, ಅದೂ ಆಗುತ್ತದೆ.

ಪಾತ್ರೆ ಸ್ಟೀಲಿನದ್ದು, ಇಲ್ಲವೇ ತಳದಲ್ಲಿ 5 ಅಂತ ಗುರುತಿರುವ ಗಟ್ಟಿ ಪಾಲಿಪ್ರೊಪಿಲೀನ್ ಜಗ್. ಅಲ್ಯೂಮಿನಿಯಂ ಕೂಡದು. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಗಾಜೂ ಬೇಡ, ದಿನ ಕಳೆದ ಹಾಗೆ ಒಳಗಿನಿಂದ ಸವೆದು ಯಾವತ್ತೋ ಒಡೆಯುತ್ತದೆ. ಕಿಟಕಿ ತೆಗೆದಿಟ್ಟು, ಗಾಗಲ್ಸ್, ಗ್ಲೌಸ್, ಪೂರ್ತಿ ತೋಳಿನ ಬಟ್ಟೆ ಹಾಕಿಕೊಂಡು, ಸೋಡಾವನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಸುರಿಯುತ್ತೇನೆ. ಯಾವಾಗಲೂ ನೀರಿಗೆ ಸೋಡಾ. ಸೋಡಾಕ್ಕೆ ನೀರು ಅಲ್ಲ, ಸಿಡಿಯುತ್ತದೆ. ಮೈಗೆ ಹನಿ ಬಿದ್ದರೆ ಹರಿಯುವ ತಣ್ಣೀರಿನಲ್ಲಿ ಕಮ್ಮಿ ಅಂದರೂ ಹದಿನೈದು ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೋಗಲು ವ್ಯವಸ್ಥೆ ಮಾಡಬೇಕು.

ಆಮೇಲೆ ಆಗುವುದನ್ನು ನಾನು ಎಷ್ಟು ಸಲ ನೋಡಿದರೂ ಬೇಜಾರಾಗಿಲ್ಲ. ಮೊದಲ ನಿಮಿಷ ನೀರು ಮಂಜು ಕವಿದ ಹಾಗೆ ಮಸುಕಾಗಿರುತ್ತದೆ. ಎಳೆಗಳು ಬಿಳಿಯಾಗಿ ಸುತ್ತುತ್ತಿರುತ್ತವೆ. ಮೂರು ನಾಲ್ಕು ನಿಮಿಷಕ್ಕೆ ಅವು ಗಾಜಿನ ಹಾಗೆ ಪಾರದರ್ಶಕ ಆಗುತ್ತವೆ. ಅಲ್ಲೇ ಇರುತ್ತವೆ, ಆದರೆ ಬೆಳಕು ಬಿದ್ದಾಗ ಮಾತ್ರ ಕಾಣುತ್ತವೆ. ಆಮೇಲೆ ಸಣ್ಣ ಸಣ್ಣ ತುಂಡಾಗುತ್ತವೆ. ಚಮಚ ಎತ್ತಿ ನೋಡಿದರೆ ಅಂಚಿಗೆ ಒಂದೋ ಎರಡೋ ಅಂಟಿಕೊಂಡಿರುತ್ತವೆ. ಅದನ್ನು ಮತ್ತೆ ಮುಳುಗಿಸಿದರೆ ಮುಂದಿನ ಸಲಕ್ಕೆ ಇರುವುದಿಲ್ಲ. ನೀರು ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಅಲ್ಲಿಗೆ ಆಯಿತು.

ವಾಸನೆ ಇರುತ್ತದೆ. ಒದ್ದೆ ಉಣ್ಣೆ, ಅದರ ಜೊತೆ ಸ್ವಲ್ಪ ಅಮೋನಿಯಾ ಘಾಟು. ಮೊದಲ ಸಲ ಮಾಡುವವರು ಸೋಪು ಹಾಳಾಯಿತು ಅಂತ ಹೆದರಿಬಿಡುತ್ತಾರೆ. ಹೆದರಬೇಡಿ. ಅರ್ಧ ಗ್ರಾಂ ಅಳತೆಯಲ್ಲಿ ಅದು ಸೋಪಿಗೆ ಉಳಿಯುವುದಿಲ್ಲ. ಪರಿಮಳ ಏನೂ ಹಾಕದೆ ಮಾಡಿದ ಸೋಪಿನಲ್ಲೂ ವಾರ ಕಳೆದ ಮೇಲೆ ನನಗೆ ಆ ವಾಸನೆ ಸಿಕ್ಕಿಲ್ಲ.

ಕರಗಿತು ಅನ್ನಿಸಿದರೂ ಎಣ್ಣೆಗೆ ಸುರಿಯುವಾಗ ಸಣ್ಣ ಕಣ್ಣಿನ ಸ್ಟೀಲ್ ಜರಡಿ ಹಿಡಿಯುತ್ತೇನೆ. ಒಂದು ವೇಳೆ ಎಳೆ ಉಳಿದಿದ್ದರೆ ಅಲ್ಲೇ ನಿಲ್ಲಲಿ. ಅಲ್ಲಿಂದ ಮುಂದೆ ಬೇರೆ ಸೋಪಿನ ಹಾಗೇ. ಎಣ್ಣೆ ಮತ್ತು ಕಾಸ್ಟಿಕ್ ನೀರು ಎರಡೂ 40 ಡಿಗ್ರಿ ಸುತ್ತಮುತ್ತ ಬಂದಾಗ ಸೇರಿಸಿ, ಸ್ಟಿಕ್ ಬ್ಲೆಂಡರಿನಲ್ಲಿ ಟ್ರೇಸ್ ಬರುವವರೆಗೆ, ಅಂದರೆ ಮಿಶ್ರಣ ಮಂದವಾಗಿ ಮೇಲೆ ಹನಿಸಿದ ಗೆರೆ ಸ್ವಲ್ಪ ಹೊತ್ತು ನಿಲ್ಲುವವರೆಗೆ, ತಿರುಗಿಸಿ, ಅಚ್ಚಿಗೆ ಹಾಕಿ, ಒಂದು ದಿನ ಬಿಟ್ಟು ಕತ್ತರಿಸುವುದು. ರೇಷ್ಮೆ ಹಾಕಿದ್ದರಿಂದ ಟ್ರೇಸ್ ಬೇಗ ಬರುವುದು, ತಡ ಆಗುವುದು ಏನೂ ನನ್ನ ಅನುಭವಕ್ಕೆ ಬಂದಿಲ್ಲ.

ಹಾಲಿನ ಸೋಪು ಮಾಡುವವರಿಗೆ ಇಲ್ಲಿ ಒಂದು ತೊಡಕಿದೆ. ಹಾಲು ಹಾಕುವವರು ಕಾಸ್ಟಿಕ್ ಬಿಸಿ ಆಗದಿರಲಿ ಅಂತ ಹಾಲನ್ನು ಗಟ್ಟಿ ಮಂಜುಗಡ್ಡೆ ಮಾಡಿ ಅದರಲ್ಲಿ ಸೋಡಾ ಕರಗಿಸುತ್ತಾರೆ. ಬಿಸಿ ಇಲ್ಲದಿದ್ದರೆ ರೇಷ್ಮೆ ಕರಗುವುದಿಲ್ಲ. ನಾನು ಒಟ್ಟು ನೀರನ್ನು ಎರಡು ಪಾಲು ಮಾಡುತ್ತೇನೆ. ಸೋಡಾದಷ್ಟೇ ತೂಕದ ನೀರಿನಲ್ಲಿ ಸೋಡಾ ಮತ್ತು ರೇಷ್ಮೆ ಕರಗಿಸುತ್ತೇನೆ. ಉಳಿದ ಪಾಲನ್ನು ಹಾಲಿನ ರೂಪದಲ್ಲಿ ತಣ್ಣಗೆ ಎಣ್ಣೆಗೆ ಸೇರಿಸುತ್ತೇನೆ. ನೀರು ಸೋಡಾದ ತೂಕಕ್ಕಿಂತ ಕಮ್ಮಿ ಆಗಬಾರದು, ಕಮ್ಮಿಯಾದರೆ ಸೋಡಾ ಪೂರ್ತಿ ಕರಗುವುದಿಲ್ಲ. ಈ ದ್ರಾವಣ ಇನ್ನೂ ಜಾಸ್ತಿ ಬಿಸಿ ಏರುತ್ತದೆ, ಎಚ್ಚರ ಬೇಕು. ರೇಷ್ಮೆ ಮಾತ್ರ ಬಹಳ ಚೆನ್ನಾಗಿ ಕರಗುತ್ತದೆ.

ಮೊದಲೇ ಒಡೆದು ದ್ರವ ಮಾಡಿದ ರೇಷ್ಮೆ ಪ್ರೋಟೀನು ಬಾಟಲಿಯಲ್ಲೂ ಸಿಗುತ್ತದೆ. ಟ್ರೇಸ್ ಬಂದಾಗ ಕೆಲವು ಹನಿ ಹಾಕಿದರೆ ಆಯಿತು. ಸುಲಭ, ತಪ್ಪೇನೂ ಇಲ್ಲ. ನನಗೆ ನಾರೇ ಇಷ್ಟ. ಸುಟ್ಟು ನೋಡಬಹುದು, ಕಣ್ಣೆದುರೇ ಕರಗುವುದನ್ನು ನೋಡಬಹುದು. ಬಾಟಲಿಯೊಳಗೆ ಏನಿದೆ ಅಂತ ನಾನು ಹಾಗೆ ನೋಡಲಾರೆ.

ಇಷ್ಟೆಲ್ಲ ಮಾಡಿ ಸಿಗುವುದೇನು? ಇದನ್ನು ನಾನು ತುಂಬಾ ಕಾಳಜಿಯಿಂದ ಹೇಳಲು ಬಯಸುತ್ತೇನೆ, ಯಾಕೆಂದರೆ ರೇಷ್ಮೆ ಸೋಪಿನ ಬಗ್ಗೆ ಇಲ್ಲದ ಮಾತು ಬಹಳ ಹೇಳುತ್ತಾರೆ. ಚರ್ಮದೊಳಗೆ ಇಳಿದು ಸುಕ್ಕು ತೆಗೆಯುತ್ತದೆ, ವಯಸ್ಸು ಕಮ್ಮಿ ಮಾಡುತ್ತದೆ ಅಂತೆಲ್ಲ. ಸೋಪು ತೊಳೆದು ಬಿಡುವ ವಸ್ತು. ಮೈ ಮೇಲೆ ಒಂದು ನಿಮಿಷವೂ ಇರುವುದಿಲ್ಲ. ಅದರಲ್ಲಿದ್ದ ಪ್ರೋಟೀನು ಬಹುಪಾಲು ನೀರಿನ ಜೊತೆ ಮೋರಿಗೆ ಹೋಗುತ್ತದೆ. ಸೋಪು ಸೋಪೇ, ರೇಷ್ಮೆ ಹಾಕಿದರೂ ಅದು ಕ್ಷಾರವೇ. ರೇಷ್ಮೆ ಕೊಡುವುದು ಆ ಒಂದು ನಿಮಿಷದ ಜಾರು, ನೊರೆಗೆ ಒಂದು ಕೆನೆತನ, ಬಾರ್ ಕತ್ತರಿಸಿದಾಗ ಮೇಲ್ಮೈಗೆ ಒಂದು ತೆಳು ಹೊಳಪು.

ಅದೂ ನನ್ನ ಭ್ರಮೆಯಾ ಅಂತ ಪರೀಕ್ಷೆ ಮಾಡಿದೆ. ರೇಷ್ಮೆ ಕಾಸ್ಟಿಕ್ ನೀರಿಗೇ ಹೋಗಬೇಕಾದ್ದರಿಂದ ಒಂದೇ ಸೋಪನ್ನು ಕೊನೆಯಲ್ಲಿ ಎರಡು ಮಾಡಲು ಆಗುವುದಿಲ್ಲ. ಒಂದೇ ದಿನ, ಅದೇ ಎಣ್ಣೆ ಡಬ್ಬಗಳಿಂದ, ಎರಡು ಸಲ ಮಾಡಿದೆ. ಒಂದಕ್ಕೆ ರೇಷ್ಮೆ, ಇನ್ನೊಂದಕ್ಕೆ ಇಲ್ಲ. ಪರಿಮಳ ಇಲ್ಲ, ಬಣ್ಣ ಇಲ್ಲ. ಅಡಿಯಲ್ಲಿ ಚಾಕುವಿನಿಂದ ಗುರುತು: ರೇಷ್ಮೆಗೆ ಒಂದು ಗೀರು, ಇನ್ನೊಂದಕ್ಕೆ ಎರಡು. ಆರು ವಾರ ಒಣಗಿಸಿದೆ. ಆಮೇಲೆ ಮನೆಯವರ ಕಣ್ಣು ಮುಚ್ಚಿಸಿ, ಮೂರು ಮೂರು ಸಲ, ಯಾವುದು ಯಾವುದು ಅಂತ ಹೇಳದೆ ಕೊಟ್ಟೆ.

ತಮ್ಮನಿಗೆ ಗೊತ್ತಾಗಲಿಲ್ಲ. ಮೂರು ಸಲವೂ ಎರಡೂ ಒಂದೇ ಅಂದ. ಗಂಡ ಕೈಯಲ್ಲಿ ಹಿಡಿದಾಗ ಹೇಳಲು ಆಗದೆ, ಗಡ್ಡ ತೆಗೆದುಕೊಂಡ ಮೇಲೆ ಸರಿಯಾಗಿ ಹೇಳಿದರು. ಬ್ಲೇಡು ಒಂದು ಗೀರಿನ ಸೋಪಿನ ಮೇಲೆ ತಡೆಯದೆ ಹೋಯಿತಂತೆ. ಅಮ್ಮ ಮೂರಕ್ಕೆ ಮೂರೂ ಸರಿ. ಕಣ್ಣು ಮುಚ್ಚಿಕೊಂಡೇ ಸೋಪನ್ನು ಎರಡು ಸುತ್ತು ತಿರುಗಿಸಿ, ಒಂದು ಕ್ಷಣ ನಿಲ್ಲಿಸಿ, "ಇದು" ಅನ್ನುತ್ತಿದ್ದಳು. ಹೇಗೆ ಗೊತ್ತಾಯಿತು ಅಂದೆ. "ನಿಂಗೆ ಗೊತ್ತಾಗಲ್ವಾ? ಅದು ಹಿಡಿಯುತ್ತೆ, ಇದು ಬಿಡುತ್ತೆ" ಅಂದಳು. ಮೂರು ಜನರ ಪರೀಕ್ಷೆ, ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಯಾರ ಕೈಗೆ ಅಂತ ನಾನು ಮಾಡಿದ್ದೆನೋ ಆ ಕೈಗೆ ಗೊತ್ತಾಯಿತು. ಅಮ್ಮ ಈಗಲೂ ಎರಡೇ ಸುತ್ತು ತಿರುಗಿಸುವುದು, ಅದು ಅಭ್ಯಾಸ. ಆದರೆ ನೊರೆಯನ್ನು ಬೆರಳ ಸಂದಿಗೂ ಗೆಣ್ಣಿಗೂ ಹಚ್ಚಿ ನಿಧಾನ ತೊಳೆಯುತ್ತಾಳೆ. ಮೊದಲು ಅಲ್ಲಿ ಮುಟ್ಟುತ್ತಲೇ ಇರಲಿಲ್ಲ.

ಕೊಡುವವರಿಗೆ ಎರಡು ವಿಷಯ ಹೇಳಿಯೇ ಕೊಡುತ್ತೇನೆ. ರೇಷ್ಮೆಗೆ ಅಲರ್ಜಿ ಇರುವವರಿದ್ದಾರೆ, ಅವರಿಗೆ ಬೇಡ. ಇನ್ನೊಂದು, ರೇಷ್ಮೆ ಪ್ರಾಣಿಯಿಂದ ಬಂದದ್ದು. ಎಣ್ಣೆಗಳೆಲ್ಲ ಗಿಡದ್ದಾದರೂ ಈ ಸೋಪು ಸಸ್ಯಮೂಲದ್ದಲ್ಲ. ಕಾಣದಷ್ಟು ಕರಗಿದೆ ಅಂತ ಅದನ್ನು ಹೇಳದೆ ಬಿಡುವುದು ತಪ್ಪು.

ಈ ಎರಡನೆಯದು ನನ್ನನ್ನು ಬಹಳ ದಿನ ಕಾಡಿತು. ನೂಲು ತೆಗೆಯಲು ಗೂಡಿನೊಳಗಿನ ಜೀವವನ್ನು ಬಿಸಿಯಲ್ಲಿ ಕೊಲ್ಲುತ್ತಾರೆ. ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬಂದರೆ ಉದ್ದ ಎಳೆ ಅಲ್ಲಲ್ಲಿ ಕಡಿದುಹೋಗುತ್ತದೆ, ಒಂದೇ ಎಳೆಯಾಗಿ ಬಿಚ್ಚಲು ಬರುವುದಿಲ್ಲ. ನೇಯುವವರಿಗೆ ಅದು ನಷ್ಟ. ನನಗೆ? ನಾನು ಹೇಗೂ ಅದನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸುತ್ತೇನೆ. ಎಳೆ ಉದ್ದ ಇದ್ದು ನನಗೇನಾಗಬೇಕು? ಸೋಪಿಗೆ ಚಿಟ್ಟೆ ಹಾರಿಹೋದ ಗೂಡೇ ಸಾಕು. ಇದು ಹೊಳೆದದ್ದು ತಡವಾಗಿ, ಆದರೆ ಹೊಳೆದ ಮೇಲೆ ಬೇರೆ ರೇಷ್ಮೆ ತರಿಸಿಲ್ಲ.

ತೂತಾದ ಗೂಡು ಬಳಸುವುದು ಸ್ವಲ್ಪ ಜಾಸ್ತಿ ಕೆಲಸ. ಒಳಗೆ ಚಿಟ್ಟೆ ಬಿಟ್ಟುಹೋದ ಸಿಪ್ಪೆ ಇರುತ್ತದೆ, ಕಂದು ಕಲೆ ಇರುತ್ತದೆ. ಕತ್ತರಿಯಲ್ಲಿ ಸೀಳಿ ಕೊಡವಿ, ಕಲೆ ಇರುವ ಭಾಗ ಕತ್ತರಿಸಿ ತೆಗೆಯುತ್ತೇನೆ. ಅಂಟು ಇನ್ನೂ ಇರುವುದರಿಂದ ಗೂಡು ಕಾಗದದ ಹಾಗೆ ಗಟ್ಟಿ. ಹಾಗೇ ಕಾಸ್ಟಿಕ್‌ಗೆ ಹಾಕಿದರೂ ಕೊನೆಗೆ ಕರಗುತ್ತದೆ, ಆದರೆ ದಪ್ಪ ಚೂರುಗಳು ಉಳಿದುಬಿಡುವ ಭಯ. ನಾನು ಮೊದಲು ನನ್ನದೇ ಸೋಪಿನ ತುರಿ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸುತ್ತೇನೆ. ನೀರು ಮಸುಕಾಗುತ್ತದೆ, ಗೂಡಿನ ಗೋಡೆ ಮೆತ್ತಗಾಗಿ ಪದರ ಪದರ ಬಿಡುತ್ತದೆ. ಬಿಸಿ ನೀರಿನಲ್ಲಿ ಎರಡು ಸಲ ತೊಳೆದು, ಹಿಂಡಿ, ಬೆರಳಲ್ಲಿ ಎಳೆದು ಒಣಗಲು ಹರವುತ್ತೇನೆ. ಅರ್ಧ ಗ್ರಾಂಗೆ ಎರಡು ಮೂರು ಗೂಡು ಸಾಕಾಗುತ್ತದೆ.

ನಿನ್ನೆ ಕುದಿಸಿದ್ದು ಕಿಟಕಿಯ ಪಕ್ಕ ಬಟ್ಟೆಯ ಮೇಲೆ ಒಣಗುತ್ತಿದೆ. ಅಮ್ಮ ಬಂದು ಬೆರಳ ತುದಿಯಲ್ಲಿ ಮುಟ್ಟಿ ನೋಡಿ ಹೋದಳು. ತೂಕ ಹಾಕಿದೆ, 0.54 ಗ್ರಾಂ. ಕಾಸ್ಟಿಕ್ ಸೋಡಾ ಡಬ್ಬದಲ್ಲಿ ಇನ್ನೊಂದು ಸಲಕ್ಕೆ ಆಗುವಷ್ಟಿದೆ. ನಾಳೆ ಬೆಳಿಗ್ಗೆ ಮಾಡುತ್ತೇನೆ.